ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೇ ಕಲಿಕೆ

ಮಕ್ಕಳೇ, ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ತಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿ, ‘ಇವನಿಗೆ ಒಂದೆರಡು ಮಾತು ಹೇಳಿ ಸಾರ್’ ಅನ್ನುತ್ತಾರೆ. ಈಚೆಗೆ ಆ ಮಕ್ಕಳ ಬಾಯಲ್ಲಿ ಹೊಸ ಮಾತೊಂದು ಕೇಳಿಬರುತ್ತಿದೆ. ‘ಸಾರ್, ನಾನು ವಿಷುಯಲ್ ಲರ್ನರ್. ನಮ್ ಮೇಷ್ಟ್ರು ಬರೀ ಮಾತಾಡ್ತಾರೆ, ನಂಗೆ ಹತ್ತಲ್ಲ’ ಅನ್ನುತ್ತಾನೆ ಒಬ್ಬ. ‘ನಂದು ಕೇಳಿ ಕಲಿಯೋ ಸ್ಟೈಲು, ಪುಸ್ತಕ ಹಿಡಿದ್ರೆ ನಿದ್ದೆ ಬರುತ್ತೆ’ ಅನ್ನುತ್ತಾಳೆ ಇನ್ನೊಬ್ಬಳು. ಯಾರು ಹೇಳಿದರು ಅಂದರೆ, ಮೊಬೈಲಿನಲ್ಲಿ ಒಂದು ಟೆಸ್ಟ್ ಇದೆಯಂತೆ. ಪ್ರಶ್ನೆಗಳಿಗೆ ಉತ್ತರ ಒತ್ತುತ್ತಾ ಹೋದರೆ ಕೊನೆಗೆ ನೀನು ಇಂಥವನು ಎಂದು ತೀರ್ಪು ಕೊಡುತ್ತದಂತೆ.

ತಾನು ಹೇಗೆ ಕಲಿಯುತ್ತೇನೆ ಎಂದು ತಿಳಿಯಬೇಕೆನ್ನುವ ಆಸೆ ಒಳ್ಳೆಯದು. ನಮ್ಮ ಕಾಲದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುತ್ತಿರಲಿಲ್ಲ. ಮಾರ್ಕ್ಸ್ ಬಂದರೆ ಜಾಣ, ಬಾರದಿದ್ದರೆ ದಡ್ಡ, ಅಲ್ಲಿಗೆ ಮುಗಿಯಿತು. ಆ ಲೆಕ್ಕಕ್ಕಿಂತ ನಿಮ್ಮ ಪ್ರಶ್ನೆ ಎಷ್ಟೋ ಮೇಲು. ಆದರೆ ಉತ್ತರವನ್ನು ಹುಡುಕಬೇಕಾದ ಜಾಗ ಬೇರೆ ಇದೆ. ಅದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಈ ‘ಸ್ಟೈಲಿನ’ ಮಾತು ಎಲ್ಲಿಂದ ಬಂತು ನೋಡಿ. ನ್ಯೂಜಿಲೆಂಡಿನಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ನೀಲ್ ಫ್ಲೆಮಿಂಗ್ ಎಂಬವರು 1987ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ-ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ನಾಲ್ಕು ಗುಂಪು. ಕೇಳುವುದಕ್ಕೆ ಹಿತವಾದ ಮಾತು, ಜಗತ್ತೆಲ್ಲ ಹಬ್ಬಿತು. ನಮ್ಮ ಶಿಕ್ಷಕರ ತರಬೇತಿಗಳಲ್ಲೂ ಇದನ್ನು ಹೇಳಿಕೊಟ್ಟರು. ಆಮೇಲೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರಾದ ಅಮೆರಿಕದ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಹರವಿಕೊಂಡು ಕೂತರು. ನೋಡಿ ಕಲಿಯುವವನಿಗೆ ಚಿತ್ರದಲ್ಲಿ, ಕೇಳಿ ಕಲಿಯುವವನಿಗೆ ಮಾತಿನಲ್ಲಿ ಪಾಠ ಮಾಡಿದರೆ ಅವರವರು ಹೆಚ್ಚು ಕಲಿಯುತ್ತಾರೆಯೇ? ಹಾಗೆಂದು ಒಪ್ಪಿಕೊಳ್ಳುವಷ್ಟು ಆಧಾರ ಎಲ್ಲೂ ಸಿಗಲಿಲ್ಲ. ಜನಕ್ಕೆ ಇಷ್ಟಾನಿಷ್ಟಗಳು ಇರುವುದು ನಿಜ. ಆದರೆ ಇಷ್ಟವಾದ ದಾರಿಯಲ್ಲಿ ಹೋದವರಿಗೆ ಹೆಚ್ಚು ತಲೆಗೆ ಹತ್ತುತ್ತದೆ ಎಂಬುದು ಸಾಬೀತಾಗಿಲ್ಲ.

ಇದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಶೇಂಗಾ ಹೊಲದ ಬದುವಿನ ಮೇಲೆ ನಿಂತರೆ ಸಾಕು. ಗಿಡ ಕೀಳುವ ಹದ ಬಂತೋ ಇಲ್ಲವೋ ಎಂದು ನಿಮ್ಮ ತಾತ ಹೇಗೆ ತಿಳಿಯುತ್ತಿದ್ದರು? ಒಂದು ಗಿಡ ಕಿತ್ತು, ಕಾಯಿ ಒಡೆದು, ಸಿಪ್ಪೆಯ ಒಳಮೈ ನೋಡುತ್ತಿದ್ದರು. ಬೆಳ್ಳಗಿದ್ದರೆ ಇನ್ನೂ ಎಳೆಯದು, ಕಂದು ತಿರುಗಿದ್ದರೆ ಬಲಿತಿದೆ. ಕಣದಲ್ಲಿ ಒಣಹಾಕಿದ ಮೇಲೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ. ಚಳ್ಳಕೆರೆ ಮಾರುಕಟ್ಟೆಗೆ ಹೋದರೆ ವ್ಯಾಪಾರಿ ಅದೇ ಬೀಜವನ್ನು ಅಂಗೈಯಲ್ಲಿ ಉಜ್ಜಿ, ಹಲ್ಲಲ್ಲಿ ಕಡಿದು ನೋಡುತ್ತಾನೆ. ಕಣ್ಣು, ಕಿವಿ, ಕೈ, ನಾಲಿಗೆ ಎಲ್ಲವೂ ಕೆಲಸ ಮಾಡಿದವು. ಈಗ ಹೇಳಿ, ನಿಮ್ಮ ತಾತ ಯಾವ ಸ್ಟೈಲಿನವರು? ಬಣ್ಣ ತಿಳಿಯಲು ಕಣ್ಣು ಬೇಕು, ಸದ್ದು ತಿಳಿಯಲು ಕಿವಿ ಬೇಕು. ಯಾವ ಇಂದ್ರಿಯ ಬೇಕೆಂದು ನಿರ್ಧರಿಸುವುದು ಕಲಿಯುವ ವಿಷಯ, ಕಲಿಯುವವನ ಇಷ್ಟವಲ್ಲ.

ಹಾಗೆಯೇ ಭಾರತದ ಭೂಪಟವನ್ನು ಕೇಳಿ ಕಲಿಯಲಾಗದು. ಇಂಗ್ಲಿಷ್ ಉಚ್ಚಾರಣೆಯನ್ನು ನೋಡಿ ಕಲಿಯಲಾಗದು. ತ್ರಿಕೋನಮಿತಿಯ ಲೆಕ್ಕವನ್ನು ಕೈಯಲ್ಲಿ ಪೆನ್ನು ಹಿಡಿಯದೆ ಕಲಿಯಲಾಗದು. ಸೋಮೇಶ್ವರ ಶತಕದಲ್ಲಿ ಬಲ್ಲವರಿಂದ ಒಂದಷ್ಟು, ಶಾಸ್ತ್ರಗಳನ್ನು ಕೇಳಿ ಒಂದಷ್ಟು, ಕೆಲಸ ಮಾಡುವವರನ್ನು ನೋಡಿ ಒಂದಷ್ಟು, ಸ್ವಂತ ಬುದ್ಧಿಯಿಂದ ಒಂದಷ್ಟು ಕಲಿಯಬೇಕೆಂಬ ಅರ್ಥದ ಪದ್ಯವಿದೆ. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದವರೇ. ನೀನು ಇವುಗಳಲ್ಲಿ ಯಾವುದಕ್ಕೆ ಸೇರಿದವನು ಎಂದು ಆ ಕವಿ ಕೇಳಲಿಲ್ಲ. ಎಲ್ಲವನ್ನೂ ಒಬ್ಬನಿಗೇ ಹೇಳಿದ.

‘ಹಾಗಾದರೆ ನನ್ನ ಬಗ್ಗೆ ನಾನು ತಿಳಿಯಬೇಕಾದ್ದು ಏನೂ ಇಲ್ಲವೇ ಸಾರ್?’ ಎಂದು ಕೇಳುತ್ತೀರಿ. ಇದೆ, ಬೇಕಾದಷ್ಟಿದೆ. ಅದಕ್ಕೆ ಮೊದಲು ನಮ್ಮ ನೆಲದಲ್ಲೇ ಚೆನ್ನಾಗಿ ಕಲಿತವರು ಹೇಗೆ ಕಲಿತರು ಎಂದು ನೋಡೋಣ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನಿಮಗೆ ಗೊತ್ತು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೀರೆ ಅದು. ಕಲಿಯಲು ಬಂದವನಿಗೆ ಮಗ್ಗದ ಮನೆಯಲ್ಲಿ ಮೊದಲ ದಿನವೇ ಸೆರಗು ನೇಯಲು ಕೊಡುವುದಿಲ್ಲ. ಕಂಡಿಕೆ ಸುತ್ತಲು ಕೂರಿಸುತ್ತಾರೆ. ಕಡಿದ ಎಳೆಯನ್ನು ಹಾಸಿನಲ್ಲಿ ಹುಡುಕಿ ಗಂಟು ಹಾಕಿಸುತ್ತಾರೆ. ಅದು ಕೈಗೆ ಬಂದ ಮೇಲೆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಸಾದಾ ಒಡಲು ನೇಯುವುದು. ಆಮೇಲೆ ಬುಟ್ಟ, ಆಮೇಲೆ ಅಂಚು, ಕಡೆಗೆ ಸೆರಗು. ಒಡಲಿಗೊಂದು ಬಣ್ಣ, ಎರಡು ಅಂಚಿಗೆ ಇನ್ನೊಂದು ಬಣ್ಣ ಎಂದರೆ ಮೂರು ಲಾಳಿ ಆಡಬೇಕು. ಒಡಲೂ ಅಂಚೂ ಕೂಡುವ ಕಡೆ ಹೊಕ್ಕಿನ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳಬೇಕು. ಒಂದು ಎಳೆ ತಪ್ಪಿದರೂ ಮುಂದಿನ ನಾಲ್ಕು ಎಳೆಯೊಳಗೆ ಬಟ್ಟೆಯ ಮೇಲೆ ಕಾಣುತ್ತದೆ. ಪಕ್ಕದಲ್ಲಿ ಕೂತ ಹಿರಿಯ ಬೈಯುತ್ತಾನೋ ನಗುತ್ತಾನೋ, ಅಂತೂ ಅಲ್ಲಿಯವರೆಗೆ ಬಿಚ್ಚಿಸಿ ಮತ್ತೆ ನೇಯಿಸುತ್ತಾನೆ.

ಇದನ್ನು ‘ಮಾಡಿ ಕಲಿಯುವುದು’ ಎಂದು ಒಂದೇ ಮಾತಲ್ಲಿ ಮುಗಿಸಬೇಡಿ. ಒಳಗೆ ಏನೇನಿದೆ ನೋಡಿ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ತಿದ್ದುವವರು ಪಕ್ಕದಲ್ಲೇ ಇದ್ದಾರೆ. ಬಿಚ್ಚಿ ಮತ್ತೆ ಮಾಡುವುದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಈ ನಾಲ್ಕನ್ನೂ ನೀವು ಬೀಜಗಣಿತಕ್ಕೆ ಹಚ್ಚಬಹುದು, ಅಕೌಂಟೆನ್ಸಿಗೆ ಹಚ್ಚಬಹುದು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ಕೇಳಿದ್ದೀರಿ ತಾನೆ? ಓದುಬರಹ ಬಾರದ ಕಾಡುಗೊಲ್ಲರ ಹೆಣ್ಣುಮಗಳು. ಸಾವಿರಾರು ಜನಪದ ಹಾಡುಗಳು ಆಕೆಯ ನೆನಪಿನಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ‘ನೋಡಿ ಸಾರ್, ಕೇಳಿ ಕಲಿತವರು’ ಎಂದು ನೀವು ಹೇಳಬಹುದು. ಕೇಳಿದ್ದೇನೋ ನಿಜ. ಆದರೆ ಹಟ್ಟಿಯಲ್ಲಿ ಆ ಹಾಡುಗಳನ್ನು ಕೇಳಿದವರು ಎಷ್ಟು ಮಂದಿ! ಎಲ್ಲರಿಗೂ ಅಷ್ಟು ಉಳಿಯಲಿಲ್ಲವಲ್ಲ.

ಹಾಡುವವರ ನೆನಪು ಬೆಳೆಯುವುದು ಹಾಡುವುದರಿಂದ. ಹಸೆಗೆ ಒಂದು, ಬೀಸುವಾಗ ಒಂದು, ದೇವರ ಮುಂದೆ ಒಂದು ಹಾಡು ಎಂದು ಸಂದರ್ಭ ಬಂದಾಗಲೆಲ್ಲ ಒಳಗಿನಿಂದ ತೆಗೆದು ಹಾಡಬೇಕು. ಮುಂದೆ ಪುಸ್ತಕವಿಲ್ಲ. ಮರೆತರೆ ತಡಕಾಡಬೇಕು, ಜೊತೆಗಾತಿ ಎತ್ತಿಕೊಟ್ಟ ಸೊಲ್ಲು ಹಿಡಿದು ಮುಂದುವರಿಯಬೇಕು. ಮತ್ತೆ ಅದೇ ಹಾಡಿನ ಸರದಿ ಬರುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಹೀಗೆ ಬಿಟ್ಟು ಬಿಟ್ಟು, ಪುಸ್ತಕದ ನೆರವಿಲ್ಲದೆ, ಒಳಗಿನಿಂದ ತೆಗೆಯುತ್ತಾ ಹೋದರೆ ಗಟ್ಟಿಯಾಗುತ್ತದೆ.

ಇದನ್ನೇ ಅಮೆರಿಕದ ಇಬ್ಬರು ಸಂಶೋಧಕರು, ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ, 2006ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸರದಿಯಲ್ಲಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಮೂರು ಸರದಿ ಪಾಠ ಬದಿಗಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಓದಿದವರೇ ಮುಂದು: ಅವರಿಗೆ ಶೇ. 83, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟವರಲ್ಲಿ ಲೆಕ್ಕ ಮಗುಚಿತು: ಓದಿದವರಿಗೆ ಶೇ. 40, ಬರೆದವರಿಗೆ ಶೇ. 61. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬರುತ್ತದೆ, ತಿಂಗಳಾದ ಮೇಲೆ ಏನೂ ಉಳಿಯುವುದಿಲ್ಲ ಎಂದು ಗೋಳಾಡುತ್ತೀರಲ್ಲ, ಕಾರಣ ಇಲ್ಲಿದೆ. ಪುಟ ತಿರುವುತ್ತಾ ಹೋದಾಗ ಎಲ್ಲ ಪರಿಚಿತವಾಗಿ ಕಾಣುತ್ತದೆ. ಪರಿಚಯವನ್ನೇ ಕಲಿಕೆ ಎಂದು ನಂಬುತ್ತೀರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಬಗ್ಗೆ ನೀವು ತಿಳಿಯಬೇಕಾದ್ದು ಇವು.

ಮೊದಲನೆಯದು, ಪುಸ್ತಕ ಮುಚ್ಚಿದ ಮೇಲೆ ನಿಮಗೆ ಎಷ್ಟು ಬರುತ್ತದೆ ಎಂಬುದು. ಒಂದು ಪಾಠ ಓದಿ, ಮುಚ್ಚಿ, ಬಿಳಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿರಿ. ಆ ಕೆಂಪು ಗೆರೆಗಳೇ ನೀವು ಮತ್ತೆ ಓದಬೇಕಾದ ಪಾಠ. ಉಳಿದದ್ದನ್ನು ಮತ್ತೆ ಮತ್ತೆ ಓದುವುದು ಸಮಾಧಾನಕ್ಕೆ ಮಾತ್ರ. ಮೂರು ದಿನ ಬಿಟ್ಟು ಇದನ್ನೇ ಮಾಡಿ, ಆಮೇಲೆ ವಾರ ಬಿಟ್ಟು ಮಾಡಿ. ಎಷ್ಟು ದಿನ ಬಿಟ್ಟರೆ ನಿಮಗೆ ಮರೆಯುತ್ತದೆ ಎಂಬ ಅಂದಾಜು ಸಿಗುತ್ತದೆ. ವಿಜ್ಞಾನಕ್ಕೆ ಒಂದು, ಇತಿಹಾಸಕ್ಕೆ ಇನ್ನೊಂದು ಇರಬಹುದು. ಇದು ನಿಮ್ಮದೇ ಲೆಕ್ಕ, ಬೇರೆ ಯಾರೂ ಕೊಡಲಾರರು.

ಎರಡನೆಯದು, ಲೆಕ್ಕವನ್ನು ಹೇಗೆ ಮಾಡುತ್ತೀರಿ ಎಂಬುದು. ಹತ್ತನೇ ತರಗತಿಯ ಘನಫಲದ ಅಧ್ಯಾಯ ತೆಗೆದುಕೊಳ್ಳಿ. ಸಿಲಿಂಡರಿನ ಲೆಕ್ಕ ಹತ್ತು, ಶಂಕುವಿನದು ಹತ್ತು, ಗೋಳದ್ದು ಹತ್ತು ಎಂದು ಸಾಲಾಗಿ ಮಾಡಿದರೆ ಕೂತಲ್ಲಿ ಎಲ್ಲ ಸರಿ ಬರುತ್ತವೆ. ಏಕೆಂದರೆ ಯಾವ ಸೂತ್ರ ಎಂದು ಯೋಚಿಸಬೇಕಾಗಿಯೇ ಇಲ್ಲ. ಪರೀಕ್ಷೆಯಲ್ಲಿ ಯೋಚಿಸಬೇಕಾದ್ದು ಅದೊಂದನ್ನೇ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಇಂಥದೇ ಘನಫಲದ ಲೆಕ್ಕಗಳನ್ನು ಕೊಟ್ಟು ನೋಡಿದರು. ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು, ಒಂದು ವಾರದ ಪರೀಕ್ಷೆಯಲ್ಲಿ ಶೇ. 20ಕ್ಕೆ ಇಳಿದರು. ಬೇರೆ ಬೇರೆ ಆಕೃತಿಯ ಲೆಕ್ಕಗಳನ್ನು ಕಲಸಿ ಮಾಡಿದವರು ಅಭ್ಯಾಸದಲ್ಲಿ ಶೇ. 60, ಪರೀಕ್ಷೆಯಲ್ಲಿ ಶೇ. 63. ಕಲಿಯುವಾಗ ಕಷ್ಟವಾಯಿತೆಂದರೆ ‘ಇದು ನನ್ನ ಸ್ಟೈಲಲ್ಲ’ ಎಂದು ಬಿಡಬೇಡಿ. ಎಷ್ಟೋ ಸಲ ಆ ಕಷ್ಟದಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಮೂರನೆಯದು ನಮ್ಮ ಕಡೆಯ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದ್ದು. ನೀವು ಎಡವುತ್ತಿರುವುದು ವಿಷಯದಲ್ಲೋ ಭಾಷೆಯಲ್ಲೋ? ಈ ಎರಡು ತಾಲ್ಲೂಕು ಆಂಧ್ರದ ಅಂಚಿನಲ್ಲಿವೆ. ಎಷ್ಟೋ ಹಟ್ಟಿಗಳಲ್ಲಿ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಶಾಲೆಯಲ್ಲಿ ಕನ್ನಡ. ಪಿಯುಸಿ ಸೈನ್ಸ್ ಅಂದ ಕೂಡಲೇ ಇಂಗ್ಲಿಷ್. ಹತ್ತನೆಯಲ್ಲಿ ಬೆಳಕಿನ ವಕ್ರೀಭವನ ಚೆನ್ನಾಗಿ ಗೊತ್ತಿದ್ದ ಹುಡುಗಿ ಫಸ್ಟ್ ಪಿಯುಸಿಯಲ್ಲಿ ‘ರಿಫ್ರ್ಯಾಕ್ಷನ್’ ಎಂಬ ಪದದ ಮುಂದೆ ಮೂಕಿಯಾಗಿ ಕೂತಿರುವುದನ್ನು ನಾನು ಕಂಡಿದ್ದೇನೆ. ಅವಳಿಗೆ ಬೇಕಾಗಿದ್ದು ಬೇರೆ ಕಲಿಕೆಯ ಶೈಲಿಯಲ್ಲ, ಎರಡು ಭಾಷೆಯ ಒಂದು ಪದಪಟ್ಟಿ. ಮೊದಲು ವಿಷಯವನ್ನು ನಿಮ್ಮ ಮನೆಮಾತಿನಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಅದು ನಿಚ್ಚಳವಾದ ಮೇಲೆ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಅದಕ್ಕೆ ಜೋಡಿಸಿ.

ಮನೆಮಾತು ಬೇರೆ ಎಂದು ಕುಗ್ಗಲೂಬೇಡಿ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಮನೆಮಾತು ತೆಲುಗು. ಆ ಮನೆತನದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೆ. ಕಾದಂಬರಿಕಾರ ತ.ರಾ.ಸು. ಕೂಡ ಅದೇ ಮನೆತನದವರು.

ನಾಲ್ಕನೆಯದು, ಮೈಯ ತೊಂದರೆಯನ್ನು ಶೈಲಿ ಎಂದುಕೊಳ್ಳಬೇಡಿ. ‘ನನಗೆ ಬೋರ್ಡ್ ನೋಡಿದರೆ ಹತ್ತಲ್ಲ’ ಅನ್ನುವವನಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಕನ್ನಡಕ ಬಂದ ಮೇಲೆ ಹಿಂದಿನ ಬೆಂಚಿನ ಹುಡುಗ ಮುಂದಕ್ಕೆ ಬಂದದ್ದು ಪ್ರತಿ ಶಾಲೆಯಲ್ಲೂ ಇದೆ. ಬುದ್ಧಿ ಚುರುಕಾಗಿದ್ದು, ಮಾತಲ್ಲಿ ಉತ್ತರ ಹೇಳಿದರೂ, ಅಕ್ಷರ ಕೂಡಿಸಿ ಓದುವಾಗ ಮಾತ್ರ ವರ್ಷಗಟ್ಟಲೆ ತಡವರಿಸುವ ಮಗು ಇದ್ದರೆ ಅದು ಸೋಮಾರಿತನವಲ್ಲ, ಡಿಸ್ಲೆಕ್ಸಿಯಾ ಇರಬಹುದು. ತಂದೆತಾಯಿಗಳು ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ತೋರಿಸಬೇಕು. ಅಂಥ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ರಿಯಾಯಿತಿಗಳಿವೆ. ತಡ ಮಾಡಿದಷ್ಟೂ ಮಗುವಿನ ಧೈರ್ಯ ಕರಗುತ್ತದೆ.

ಐದನೆಯದು ಸಣ್ಣ ವಿಷಯ, ಆದರೆ ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಬೆಳಗಿನ ಜಾವ ಓದಿದ್ದು ನಿಲ್ಲುತ್ತದೋ, ರಾತ್ರಿ ಓದಿದ್ದೋ? ಒಬ್ಬರೇ ಕೂತರೆ ಸರಿಯೋ, ಗೆಳೆಯನಿಗೆ ಹೇಳಿಕೊಟ್ಟರೆ ಸರಿಯೋ? ಮೊಬೈಲು ಅದೇ ಕೋಣೆಯಲ್ಲಿದ್ದರೆ ಎಷ್ಟು ಪುಟ, ಇಲ್ಲದಿದ್ದರೆ ಎಷ್ಟು? ಊಹಿಸಬೇಡಿ, ಒಂದು ವಾರ ಬರೆದಿಟ್ಟು ನೋಡಿ. ನಿದ್ದೆಯನ್ನು ಮಾತ್ರ ಕಡಿಮೆ ಮಾಡಬೇಡಿ. ಅದು ಎಲ್ಲರಿಗೂ ಬೇಕು.

ಇನ್ನು ಕೆಲಸಕ್ಕೆ ಹೋಗುವವರಿಗೆ. ನಮ್ಮ ಹುಡುಗರು ಬೆಂಗಳೂರಿನ ಗಾರ್ಮೆಂಟ್ಸ್‌ಗೆ, ಆಸ್ಪತ್ರೆಗೆ, ಸಾಫ್ಟ್‌ವೇರ್ ಕಂಪನಿಗೆ, ಗಾಳಿಯಂತ್ರದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಯಾರೂ ‘ನಿನ್ನ ಕಲಿಕೆಯ ಶೈಲಿ ಯಾವುದಪ್ಪಾ’ ಎಂದು ಕೇಳುವುದಿಲ್ಲ. ಸೀನಿಯರ್ ಒಂದು ಸಲ ತೋರಿಸಿ ಹೋಗುತ್ತಾರೆ. ನಮ್ಮವರ ರೂಢಿ ಏನೆಂದರೆ, ಅರ್ಥವಾಗದಿದ್ದರೂ ‘ಗೊತ್ತಾಯ್ತು ಸಾರ್’ ಎಂದು ತಲೆಯಾಡಿಸುವುದು. ಅದನ್ನು ಬಿಡಿ. ‘ಸಾರ್, ನಾನು ತಿಳ್ಕೊಂಡಿದ್ದು ಹೇಳ್ತೀನಿ, ತಪ್ಪಿದ್ರೆ ತಿದ್ದಿ’ ಎಂದು ನಿಮ್ಮ ಮಾತಲ್ಲಿ ಒಪ್ಪಿಸಿ. ಮೊದಲ ತಿಂಗಳು ಇದನ್ನು ಮಾಡುವವನನ್ನು ಯಾರೂ ದಡ್ಡ ಅನ್ನುವುದಿಲ್ಲ. ಆರು ತಿಂಗಳಾದ ಮೇಲೆ ಕೇಳಿದರೆ ಅನ್ನುತ್ತಾರೆ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಯಂತ್ರ ಹೀಗೆ ನಿಂತಾಗ ಏನು ಮಾಡಿದರು, ಫೈಲು ಯಾಕೆ ವಾಪಸ್ ಬಂತು ಎಂದು ದಿನಕ್ಕೆರಡು ಸಾಲು ಬರೆಯಿರಿ. ಕೆಲಸ ಮುಗಿಸಿ ತೋರಿಸುವಾಗ ‘ಸರಿಯಿದೆಯಾ’ ಎಂದು ಕೇಳಬೇಡಿ, ‘ಎಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತು’ ಎಂದು ಕೇಳಿ. ಮೊದಲ ಪ್ರಶ್ನೆಗೆ ‘ಹೂಂ’ ಸಿಗುತ್ತದೆ, ಎರಡನೆಯದಕ್ಕೆ ಪಾಠ ಸಿಗುತ್ತದೆ.

ಓದು ಮುಗಿದ ಮೇಲೂ ವಿದ್ಯಾರ್ಥಿಯಾಗಿ ಕೂರುವುದಕ್ಕೆ ನಾಚಬೇಡಿ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ರಾಜ್ಯದ ವಿಜ್ಞಾನ ಶಿಕ್ಷಕರು ಅಲ್ಲಿಗೆ ಬಂದು ತರಬೇತಿ ಪಡೆಯುತ್ತಾರೆ. ವರ್ಷಗಟ್ಟಲೆ ಪಾಠ ಮಾಡಿದವರೂ ಅಲ್ಲಿ ಉಪಕರಣ ಹಿಡಿದು ಪ್ರಯೋಗ ಮಾಡುತ್ತಾರೆ. ಮೇಷ್ಟ್ರಿಗೇ ಬೇಕಾದದ್ದು ನಿಮಗೆ ಬೇಡವೇ?

ಕಡೆಯದಾಗಿ ಒಬ್ಬ ನೌಕರನ ಮಾತು ಹೇಳುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಅಲ್ಲಿದೆ. ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಆದರೆ ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಅದು ಎಷ್ಟೋ ದೂರದ ವಾಯವ್ಯ ಗಡಿಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ಒಂದು ಲಿಪಿ ಎಡದಿಂದ, ಇನ್ನೊಂದು ಬಲದಿಂದ. ಎರಡನ್ನೂ ಅವನು ಕಲಿತಿದ್ದ, ಕಲಿತದ್ದನ್ನು ಬಂಡೆಯ ಮೇಲೆ ತೋರಿಸುವಷ್ಟು ಹೆಮ್ಮೆಯೂ ಇತ್ತು. ನೀವೂ ‘ನನಗೆ ಒಂದೇ ದಾರಿ’ ಎಂದು ಗೆರೆ ಎಳೆದುಕೊಂಡು ಕೂರಬೇಡಿ. ಹದಿನೈದು ವರ್ಷಕ್ಕೇ ಹಾಗೆ ಕೂತರೆ, ಇಪ್ಪತ್ತೈದಕ್ಕೆ ಬರುವ ಕೆಲಸ ಬೇರೆ ದಾರಿ ಕೇಳಿದಾಗ ಏನು ಮಾಡುತ್ತೀರಿ?

ಆದ್ದರಿಂದ ಇಷ್ಟು ಮಾಡಿ. ಇವತ್ತು ಒಂದೇ ವಿಷಯದ ಎರಡು ಸಣ್ಣ ಪಾಠ ಆರಿಸಿಕೊಳ್ಳಿ. ಒಂದನ್ನು ನಿಮಗೆ ಇಷ್ಟವಾದ ರೀತಿಯಲ್ಲಿ ಓದಿ, ನೋಡಿ, ಕೇಳಿ. ಇನ್ನೊಂದನ್ನು ಒಮ್ಮೆ ಓದಿ, ಮುಚ್ಚಿ, ಬರೆದು, ತಿದ್ದಿ. ಎರಡಕ್ಕೂ ಅಷ್ಟೇ ಹೊತ್ತು ಕೊಡಿ. ಒಂದು ವಾರ ಅವನ್ನು ಮುಟ್ಟಬೇಡಿ. ಆಮೇಲೆ ಅಕ್ಕನ ಕೈಲೋ ಗೆಳೆಯನ ಕೈಲೋ ಎರಡರಿಂದಲೂ ಐದೈದು ಪ್ರಶ್ನೆ ಕೇಳಿಸಿಕೊಳ್ಳಿ. ಯಾವ ಪಾಠ ಹೆಚ್ಚು ಉಳಿದಿದೆಯೋ ಆ ರೀತಿಯನ್ನೇ ಹಿಡಿಯಿರಿ. ನಾನು ಹೇಳಿದ್ದು ಸುಳ್ಳಾದರೆ ನನ್ನ ಮಾತನ್ನೂ ಬಿಟ್ಟುಬಿಡಿ. ಆದರೆ ಪರೀಕ್ಷಿಸದೆ ಯಾರ ಮಾತನ್ನೂ, ನಿಮ್ಮ ಮನಸ್ಸಿನ ಮಾತನ್ನೂ ನಂಬಬೇಡಿ.